ತಮ್ಮ ಕೇಳಿದ ರುಚಿ

ನಾನು ಈ ಐವತ್ತೆರಡು ವರ್ಷಗಳಲ್ಲಿ ಬಿಯರ್ ಕುಡಿದದ್ದು ಎರಡೇ ಸಲ. ಮೊದಲ ಸಲ ಒಂದು ಗುಟುಕು, ಎರಡನೆಯ ಸಲ ಅರ್ಧ ಬಾಟಲಿ. ಇದನ್ನು ಬರೆಯುವಾಗಲೂ ನಡುನಡುವೆ ಬಾಗಿಲ ಕಡೆ ನೋಡುತ್ತಿದ್ದೇನೆ, ಯಾರಾದರೂ ಬಂದರೆ ಹಾಳೆ ಮಡಚಬೇಕಲ್ಲ ಎಂದು. ಗಂಡಸು ಕುಡಿದು ರಸ್ತೆಯಲ್ಲಿ ಬಿದ್ದರೆ ಊರಿನವರು ಎತ್ತಿ ಮನೆಗೆ ಮುಟ್ಟಿಸುತ್ತಾರೆ. ಹೆಂಗಸು ಬಾಟಲಿಯ ಮುಚ್ಚಳ ತೆಗೆದಳು ಎಂದು ಗೊತ್ತಾದರೆ ಅವಳ ಮೊಮ್ಮಕ್ಕಳ ಮದುವೆಯಲ್ಲೂ ಅದೇ ಮಾತು. ಆದರೆ ಇಲ್ಲಿ ನಾನು ಹೇಳಹೊರಟದ್ದು ಊರಿನ ತಪ್ಪಲ್ಲ, ನನ್ನದು.

ಸೂಪಾ ಅಣೆಕಟ್ಟಿನ ಕೆಳಗೆ, ಕಾಳಿ ನದಿಯ ದಂಡೆಯ ಮೇಲೆ, ಜೋಯಿಡಾ ಕಡೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ರೆಸಾರ್ಟ್ ಇದೆ. ಅಲ್ಲಿ ಅಡುಗೆ ನನ್ನದು. ಆರು ದಿನ ಅಲ್ಲೇ ಇರುತ್ತೇನೆ, ಏಳನೆಯ ದಿನ ದಾಂಡೇಲಿಯಲ್ಲಿ ಬಸ್ ಬದಲಿಸಿ ಸಾಂಬ್ರಾಣಿ ಹತ್ತಿರದ ನಮ್ಮೂರಿಗೆ ಬರುತ್ತೇನೆ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯೇ ನನ್ನ ಮನೆ. ಓದಿದ್ದು ಪಿಯುಸಿ, ಕಲಿತದ್ದು ಅಡುಗೆ. ನನ್ನ ನಾಲಿಗೆ ಚುರುಕು ಎಂದು ಎಲ್ಲರೂ ಹೇಳುತ್ತಾರೆ. ಅಡುಗೆಯ ವಿಷಯಕ್ಕೂ ಹೇಳುತ್ತಾರೆ, ಜಗಳದ ವಿಷಯಕ್ಕೂ ಹೇಳುತ್ತಾರೆ. ಮೀನಿನ ಸಾರಿಗೆ ಹಾಕಿದ ಕೋಕಂ ಹೊಸದೋ ಹೋದ ವರ್ಷದ್ದೋ ಎಂಬುದನ್ನು ಒಂದು ಹನಿ ನೆಕ್ಕಿ ಹೇಳಬಲ್ಲೆ. ಆ ಜಂಬ ನನಗಿತ್ತು, ಸುಳ್ಳೇಕೆ ಹೇಳಲಿ.

ಹೋದ ಮಳೆಗಾಲ. ನದಿಯಲ್ಲಿ ರಾಫ್ಟಿಂಗ್ ನಿಂತು ರೆಸಾರ್ಟ್ ಬಿಕೋ ಎನ್ನುತ್ತಿತ್ತು. ಅಂಥದರಲ್ಲಿ ಪುಣೆಯಿಂದ ನಾಲ್ಕು ಜನ ಬಂದರು. ಗೋವಾದಿಂದ ಒಂದು ಪೆಟ್ಟಿಗೆ ಬಿಯರ್ ತಂದಿದ್ದರು. ಅವರು ಕುಡಿಯುವ ರೀತಿಯೇ ಬೇರೆ. ಔಷಧಿ ಕುಡಿಯುವಷ್ಟು ಸಣ್ಣ ಲೋಟ, ಮೊದಲು ಮೂಸುವುದು, ಆಮೇಲೆ ಒಂದು ಗುಟುಕು, ಆಮೇಲೆ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಳ್ಳುವುದು. ಪರೀಕ್ಷೆಗೆ ಕೂತ ಮಕ್ಕಳಂತೆ ಕಾಣುತ್ತಿದ್ದರು. ನಾನು ಹುರಿದ ಮೀನು ತಂದಿಡುವಾಗಲೆಲ್ಲ ನಗು ತಡೆದುಕೊಳ್ಳುತ್ತಿದ್ದೆ.

ಅವರಲ್ಲಿ ಕನ್ನಡ ಬಲ್ಲ, ತಲೆ ಬೆಳ್ಳಗಾದ ಒಬ್ಬ ಹೆಂಗಸಿದ್ದರು. ನನ್ನ ಸಾರನ್ನು ಮೂರು ಸಲ ಹಾಕಿಸಿಕೊಂಡು ಉಂಡವರು. ಕೊನೆಗೆ ತೆರೆದ ಕಪ್ಪು ಬಿಯರನ್ನು ನನ್ನ ಕಡೆ ಚಾಚಿ, ಇಂಥ ಸಾರು ಮಾಡುವವಳ ನಾಲಿಗೆಗೆ ಇದು ಏನನ್ನಿಸುತ್ತದೆ ನೋಡಬೇಕು ಎಂದರು. ನಾನು ಮರ್ಯಾದೆಗೆ ಮೂರು ಸಲ ಬೇಡ ಎಂದೆ. ನಾಲ್ಕನೆಯ ಸಲ ಲೋಟ ತೆಗೆದುಕೊಂಡು ಕಂಬದ ಮರೆಗೆ ಹೋಗಿ ಒಂದು ಗುಟುಕು ಕುಡಿದೆ. ತಳ ಹತ್ತಿದ ಬೆಲ್ಲದ ಕೊಪ್ಪರಿಗೆಯನ್ನು ಮರದ ಸೌಟಿನಿಂದ ಕೆರೆದು, ಆ ಸೌಟನ್ನು ಕಾಫಿ ಡಿಕಾಕ್ಷನ್‌ನಲ್ಲಿ ಅದ್ದಿದ ಹಾಗಿದೆ ಎಂದೆ. ಆಕೆ ಅದನ್ನು ಮರಾಠಿಯಲ್ಲಿ ಉಳಿದವರಿಗೆ ಹೇಳಿದರು. ಅವರು ನಕ್ಕರು, ಆಮೇಲೆ ನಾಲ್ವರೂ ಅದನ್ನು ಬರೆದುಕೊಂಡರು.

ನಾನು ಆಡಿದ ಮಾತನ್ನು ಯಾರಾದರೂ ಬರೆದುಕೊಂಡದ್ದು ಅದೇ ಮೊದಲು. ಹೋಗುವ ದಿನ ಆಕೆ ಅದರದೇ ಒಂದು ತುಂಬಿದ ದೊಡ್ಡ ಬಾಟಲಿಯನ್ನು ನನ್ನ ಕೈಗಿಟ್ಟರು. ಇದಕ್ಕೆ ಇಂಪೀರಿಯಲ್ ಸ್ಟೌಟ್ ಎನ್ನುತ್ತಾರೆ, ಹಿಂದೆ ಯಾವುದೋ ದೂರದೇಶದ ರಾಜನ ಅರಮನೆಗೆಂದು ಮಾಡುತ್ತಿದ್ದರಂತೆ, ಉಳಿದ ಬಿಯರಿನ ಎರಡರಷ್ಟು ಖಡಕ್, ತಣ್ಣಗೆ ಕುಡಿಯಬೇಡ, ಅವಸರವಾಗಿ ಕುಡಿಯಬೇಡ ಎಂದು ಹೇಳಿದರು. ನಾನು ಅದನ್ನು ಹಳೇ ಸೀರೆಯಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕಿಕೊಂಡು ಮನೆಗೆ ಬಂದೆ.

ಆ ಮನೆ ಎಂಥದು ಎಂದು ಹೇಳಬೇಕು. ನನ್ನ ತಮ್ಮ ಅಂಬಿಕಾನಗರದ ಕ್ವಾರ್ಟರ್ಸುಗಳಲ್ಲಿ ನಲ್ಲಿ, ಪೈಪು ದುರಸ್ತಿ ಮಾಡುತ್ತಿದ್ದ. ಒಳ್ಳೆಯ ಕೈ. ಆದರೆ ಮಧ್ಯಾಹ್ನದ ಹೊತ್ತಿಗೆ ಆ ಕೈ ನಡುಗಲು ಶುರುವಾಗಿ, ಕುಡಿಯದಿದ್ದರೆ ನಲ್ಲಿ ತಿರುಗಿಸುವ ಪಾನಾ ಹಿಡಿಯಲು ಆಗದಷ್ಟಾಯಿತು. ಒಂದು ದಿನ ಅವನ ಹೆಂಡತಿ ಮಗಳನ್ನು ಕರೆದುಕೊಂಡು ಮುಂಡಗೋಡಿನ ತವರಿಗೆ ಹೋದಳು. ಎರಡು ವರ್ಷ ಬರಲಿಲ್ಲ. ಆಗ ತಮ್ಮ ಪಂಢರಪುರಕ್ಕೆ ಹೋಗಿ ಕೊರಳಿಗೆ ತುಳಸಿ ಮಾಲೆ ಹಾಕಿಸಿಕೊಂಡು ಬಂದ.

ನಮ್ಮ ಹಳಿಯಾಳ ಕಡೆ ವಿಠ್ಠಲನ ಮಾಲೆ ಹಾಕಿದವರನ್ನು ಮಾಳಕರಿ ಎನ್ನುತ್ತಾರೆ. ಮಾಳಕರಿ ಮಾಂಸ ಮುಟ್ಟುವಂತಿಲ್ಲ, ಹೆಂಡ ಮುಟ್ಟುವಂತಿಲ್ಲ. ಡಾಕ್ಟರಿಂದ ಬಿಡಿಸಲಾಗದ ಕುಡಿತವನ್ನು ಆ ಮಾಲೆ ಬಿಡಿಸಿದ್ದನ್ನು ನಾನು ಹತ್ತಾರು ಮನೆಗಳಲ್ಲಿ ಕಂಡಿದ್ದೇನೆ. ದೇವರೋ, ನಾಲ್ಕು ಜನರ ನಾಚಿಕೆಯೋ, ಎರಡೂ ಸೇರಿಯೋ ಗೊತ್ತಿಲ್ಲ. ತಮ್ಮನ ಹೆಂಡತಿ ಮುಂಡಗೋಡಿನಿಂದ ಮರಳಿ ಬಂದ ದಿನ ಹೊಸಲಿನಾಚೆ ನಿಂತೇ ಒಂದು ಮಾತು ಹೇಳಿದ್ದಳು. ಮಾಲೆ ಕೊರಳಲ್ಲಿ ಇರುವ ತನಕ ನಾನು ಈ ಮನೆಯಲ್ಲಿ, ಅದು ಇಳಿದ ದಿನ ನಾನೂ ಇಳಿದೆ ಎಂದು. ಆರು ವರ್ಷ ಆ ಮಾತು ನಡೆದಿತ್ತು. ತಮ್ಮ ಮತ್ತೆ ಕೆಲಸಕ್ಕೆ ಹೋಗುತ್ತಿದ್ದ, ಮಗಳು ಶಾಲೆಯಲ್ಲಿ ಮುಂದಿದ್ದಳು, ಮನೆಯಲ್ಲಿ ನಗು ಇತ್ತು.

ಅಂಥ ಮನೆಗೆ ನಾನು ಬಾಟಲಿ ತಂದೆ. ಯಾಕೆ ಎಂದು ಈಗ ಎಷ್ಟು ಕೇಳಿಕೊಂಡರೂ ಉತ್ತರ ಒಂದೇ. ಒಂದು ಗುಟುಕಿಗೆ ಅಷ್ಟು ಹೇಳಿದ ನಾಲಿಗೆ, ಪೂರ್ತಿ ಲೋಟ ಸಿಕ್ಕರೆ ಇನ್ನೇನು ಹೇಳೀತು ಎಂದು ನೋಡುವ ಆಸೆ.

ರೆಸಾರ್ಟಿನಲ್ಲಿ ಗಿರಾಕಿ ಇಲ್ಲದ್ದರಿಂದ ಆ ಸಲ ಎರಡು ದಿನ ರಜೆ ಸಿಕ್ಕಿತ್ತು. ಮರುದಿನ ತಮ್ಮ, ಅವನ ಹೆಂಡತಿ ಇಬ್ಬರೂ ನಾಟಿಗೆ ಗದ್ದೆಗೆ ಹೋಗಿದ್ದರು. ಮಗಳು ಶಾಲೆಗೆ. ಮಳೆ ಹಿಡಿದುಕೊಂಡಿತ್ತು. ನಾನು ಬಾಗಿಲ ಚಿಲಕ ಹಾಕಿ, ಈಳಿಗೆಯ ಹಿಂಬದಿಯಿಂದ ಮುಚ್ಚಳ ಎಬ್ಬಿಸಿ, ಗಾಜಿನ ಲೋಟಕ್ಕೆ ಬಗ್ಗಿಸಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನಾನು ಕಿಟಕಿಯನ್ನೂ ಮುಚ್ಚಿದ್ದೆ. ಆಮೇಲೆ ಬಣ್ಣ ನೋಡಬೇಕೆಂದು ಒಂದು ಕದ ತೆರೆದೆ.

ಬೆಳಕಿಗೆ ಹಿಡಿದರೂ ಆಚೆ ಕಡೆ ಕಾಣಿಸದಷ್ಟು ಕಪ್ಪು. ಅಂಚಿನಲ್ಲಿ ಮಾತ್ರ ಚೂರು ಕೆಂಪು. ಮೇಲೆ ಹಾಲು ಹಾಕಿದ ಚಹಾದ ಬಣ್ಣದ ನೊರೆ, ಅದೂ ಬೇಗ ಕೂತುಬಿಟ್ಟಿತು. ಮೂಗಿಗೆ ಮೊದಲು ಬಂದದ್ದು ಹದ ಮೀರಿ ಹುರಿದ ಕಾಫಿ ಬೀಜ, ಅದರ ಹಿಂದೆ ಒಣದ್ರಾಕ್ಷಿ, ಅದರ ಹಿಂದೆ ಬಹಳ ದಿನ ಮುಚ್ಚಿಟ್ಟ ಮರದ ಪೆಟ್ಟಿಗೆ. ಬಾಯಿಗೆ ಹಾಕಿದರೆ ಮೊದಲು ಸಿಹಿ. ನೀರಿನಂತೆ ಹರಿಯುವುದಿಲ್ಲ, ಗಂಜಿಯಂತೆ ನಾಲಿಗೆಯ ಮೇಲೆ ಹರಡಿ ಕೂರುತ್ತದೆ. ಸಿಹಿ ಇದೆಯಲ್ಲ ಎಂದು ನಂಬುವಷ್ಟರಲ್ಲಿ ಎರಡೂ ಪಕ್ಕದಿಂದ ಕಹಿ ಬರುತ್ತದೆ. ಹಾಗಲಕಾಯಿಯ ಕಹಿಯಲ್ಲ, ಕರಕಾದ ರೊಟ್ಟಿಯ ಅಂಚಿನ ಕಹಿ. ನುಂಗಿದಾಗ ಗಂಟಲಿಗೆ ಏನೂ ಆಗುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಎದೆಯ ನಡುವೆ ಒಂದು ಬಿಸಿ, ನಿಧಾನವಾಗಿ, ಯಾರೋ ಒಳಗೆ ಕೆಂಡ ಕೆದಕಿದ ಹಾಗೆ.

ಎರಡನೆಯ ಲೋಟದಲ್ಲಿ ರುಚಿ ಬದಲಾಯಿತು. ಕೋಕೋ ಮುಂದೆ ಬಂತು, ಹುಳಿ ಒಂದು ಎಳೆ ಕಾಣಿಸಿತು, ಕೊನೆಗೆ ಉಪ್ಪಿನ ಸುಳಿವು. ಅದು ಖುಷಿಯ ರುಚಿಯಲ್ಲ. ಸೀದದ್ದು, ಕರಕಾದದ್ದು, ಹುಳಿತದ್ದು, ಅಡುಗೆಮನೆಯಲ್ಲಿ ನಾವು ಕೆಟ್ಟಿತು ಎಂದು ಚೆಲ್ಲುವುದನ್ನೆಲ್ಲ ಯಾರೋ ಕುಳಿತು ತಾಳ್ಮೆಯಿಂದ ಒಂದು ಹದಕ್ಕೆ ತಂದಿದ್ದರು. ಅದು ಹೊಳೆದಾಗ ನನಗೆ ಅಳು ಬಂತು. ಗಂಡ ಹೋದ ಮೇಲಿನ ಇಪ್ಪತ್ತು ವರ್ಷದಲ್ಲಿ ನಾನು ಅಷ್ಟು ಹೊತ್ತು ಒಬ್ಬಳೇ ಕೂತು, ಯಾರಿಗೂ ಬಡಿಸದೆ, ನನಗಾಗಿ ಏನನ್ನೂ ಸವಿದಿರಲಿಲ್ಲ. ತಲೆ ಹಗುರವಾಗಿತ್ತು. ಉಳಿದರ್ಧವನ್ನು ಮುಂದಿನ ವಾರಕ್ಕೆ ಇಡೋಣ ಎಂದುಕೊಂಡೆ.

ಬಾಟಲಿ ಅಡಗಿಸುವುದು ನಮ್ಮ ಮನೆಯಲ್ಲಿ ಕಷ್ಟದ ಕೆಲಸವಲ್ಲ. ನಮ್ಮ ಕಡೆ ಪಾಕದಂಥ ಜೋನಿಬೆಲ್ಲ, ಜೇನುತುಪ್ಪ, ಕೋಕಂ ರಸ ಎಲ್ಲವನ್ನೂ ತುಂಬಿಡುವುದು ಖಾಲಿ ಬಿಯರ್ ಬಾಟಲಿಗಳಲ್ಲೇ. ಗುಜರಿಯವನಿಂದ ತಂದು, ಬಿಸಿನೀರಲ್ಲಿ ತೊಳೆದು, ಬಾಯಿಗೆ ಕಾಗದದ ಬಿರಡೆ ಹಾಕಿ ಅಟ್ಟದ ಮೇಲೆ ಸಾಲಾಗಿ ಇಡುತ್ತೇವೆ. ಮಾಳಕರಿಗಳ ಮನೆಯಲ್ಲೂ ಹಾಗೇ, ಅದರಲ್ಲಿ ಯಾರಿಗೂ ತಪ್ಪು ಕಾಣುವುದಿಲ್ಲ. ನಾನು ಲೇಬಲ್ಲನ್ನು ನೀರಲ್ಲಿ ನೆನೆಸಿ ಕಿತ್ತು, ಬಿರಡೆ ಹಾಕಿ, ಆ ಸಾಲಿನ ಕೊನೆಗೆ ನಿಲ್ಲಿಸಿದೆ. ಬಾಯಲ್ಲಿ ಲವಂಗ ಇಟ್ಟುಕೊಂಡು ಸಂಜೆಯ ಅಡುಗೆಗೆ ಕುಳಿತೆ.

ಮುಂದಿನ ವಾರ ರೆಸಾರ್ಟಿನಲ್ಲಿ ರಜೆ ಸಿಗಲಿಲ್ಲ. ಅದರ ಮುಂದಿನ ವಾರ ನಾನು ಮನೆಗೆ ಬಂದ ದಿನ ಶ್ರಾವಣದ ಏಕಾದಶಿ. ಆ ಸಲದ ಭಜನೆ ನಮ್ಮ ಮನೆಯಲ್ಲಿ. ನಾನು ಹೊಸಲು ದಾಟುವಾಗಲೇ ಮಧ್ಯಾಹ್ನದ ಭಜನೆ ಮುಗಿಯುವ ಹಂತಕ್ಕೆ ಬಂದಿತ್ತು. ಪಡಸಾಲೆಯಲ್ಲಿ ತಾಳ ಹಿಡಿದ ಏಳು ಜನ ಮಾಳಕರಿಗಳು, ಅವರ ಜೊತೆ ತಮ್ಮ. ಉಪವಾಸದ ದಿನವಾದ್ದರಿಂದ ಬಂದವರಿಗೆ ಏಲಕ್ಕಿ ಹಾಕಿದ ಬೆಲ್ಲದ ಪಾನಕ. ತಮ್ಮನ ಹೆಂಡತಿ ಒಂದೊಂದೇ ಲೋಟ ತಂದಿಡುತ್ತಿದ್ದಳು. ನಾನು ಒಳಗೆ ಹೋಗಿ ಚೀಲ ಇಳಿಸಿ ನೋಡುತ್ತೇನೆ, ಒಲೆಯ ಪಕ್ಕ ಎರಡು ಖಾಲಿ ಬಾಟಲಿ. ಅದರಲ್ಲಿ ಒಂದು ನನ್ನದು.

ಪಾಪ, ಅವಳದೇನು ತಪ್ಪು. ಹೊಸ ಜೋನಿ ಸಾಕಾಗದೆ ಸಾಲಿನ ಕೊನೆಯ ಬಾಟಲಿಯನ್ನು ಸುರಿದಿದ್ದಳು. ಹಳೇ ಜೋನಿ ಮಳೆಗಾಲದಲ್ಲಿ ತೆಳ್ಳಗಾಗಿ, ಕಪ್ಪಾಗಿ, ನೊರೆ ಕಟ್ಟುವುದು ನಮ್ಮ ಕಡೆ ಎಲ್ಲ ಮನೆಯಲ್ಲೂ ಇದ್ದದ್ದೇ. ಇದೂ ಹಾಗೇ ಅಂದುಕೊಂಡಿದ್ದಾಳೆ. ಅವಳ ಮೂಗಿಗೆ ಗೊತ್ತಿದ್ದ ಹೆಂಡದ ವಾಸನೆ ಗಂಡನ ಬಾಯಿಯದು, ಪ್ಯಾಕೆಟ್ಟಿನ ಅಗ್ಗದ ವಿಸ್ಕಿಯದು. ಕಾಫಿಯಂತೆ, ಸುಟ್ಟ ಬೆಲ್ಲದಂತೆ ನಾರುವ ಹೆಂಡವೂ ಇರುತ್ತದೆ ಎಂದು ಅವಳಿಗೆ ಯಾರು ಹೇಳಬೇಕಿತ್ತು.

ನಾನು ಓಡಿ ಪಡಸಾಲೆಗೆ ಬರುವಷ್ಟರಲ್ಲಿ ಏಳೂ ಜನ ಲೋಟಕ್ಕೆ ಬಾಯಿಟ್ಟಾಗಿತ್ತು. ಮನೆಯ ಯಜಮಾನ ಎಲ್ಲರ ಕೊನೆಗೆ ಕುಡಿಯುವುದು ಪದ್ಧತಿ. ತಮ್ಮನ ಲೋಟ ಇನ್ನೂ ನೆಲದ ಮೇಲೇ ಇತ್ತು. ಹಿರಿಯರಾದ ದರ್ಜಿ ಅಜ್ಜ, ಬೆಲ್ಲ ಸ್ವಲ್ಪ ಸೀದದ ಅನ್ನಸ್ತದ ಎಂದು ಇನ್ನೊಂದು ಗುಟುಕು ಕುಡಿದರು. ಅವರ ಪಕ್ಕ ಕುಳಿತಿದ್ದವನು ಮಾಲೆ ಹಾಕುವ ಮೊದಲು ಗೋವಾ ಲಾರಿ ಓಡಿಸಿದವನು, ಕಾಣದ ಹೆಂಡವಿಲ್ಲ. ಅವನು ಬಾಯಲ್ಲಿದ್ದದ್ದನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಎದ್ದು ಅಂಗಳಕ್ಕೆ ಹೋಗಿ ಉಗಿದು ಬಂದು, ಬಾಟಲಿ ತರಿಸಿ ಮೂಸಿದ.

"ಇದು ಜೋನಿ ಅಲ್ಲ. ಬಿಯರ್ ಐತಿ" ಎಂದ.

ಎಲ್ಲರ ಕಣ್ಣೂ ತಮ್ಮನ ಕಡೆ ತಿರುಗಿತು. ಆ ಮನೆಗೆ ಬಾಟಲಿ ಬಂದರೆ ಅದು ಇನ್ನಾರದಾದೀತು. ತಮ್ಮ ಮಾತ್ರ ನನ್ನನ್ನು ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಅವನಿಗೆ ಅಷ್ಟು ಸಾಕಾಯಿತು.

"ನಾನ ತಂದಿಟ್ಟಿದ್ದೆ ರೀ" ಎಂದ. "ಮನ್ಯಾಗ ಯಾರಿಗೂ ಗೊತ್ತಿಲ್ಲ."

ಹಾಗೆಂದು ಕೊರಳಿನ ಮಾಲೆ ತೆಗೆದು ದರ್ಜಿ ಅಜ್ಜನ ಪಾದದ ಹತ್ತಿರ ಇಟ್ಟ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಇಲ್ಲಿ ಎಮ್ಮೆ ತಾನೇ ಬಂದು ಬೆನ್ನು ಕೊಟ್ಟಿತ್ತು. ಕುಡಿದ ಏಳು ಜನ ತುಳಸಿ ನೀರಿನಿಂದ ಬಾಯಿ ತೊಳೆದು, ಪಾಂಡುರಂಗನಿಗೆ ತಪ್ಪು ಒಪ್ಪಿಸಿ ಮಾಲೆ ಉಳಿಸಿಕೊಂಡರು. ಒಂದು ಹನಿಯೂ ಮುಟ್ಟದವನ ಕೊರಳು ಖಾಲಿಯಾಯಿತು. ಅಜ್ಜ ಒಳ್ಳೆಯವರು. ಕಾರ್ತಿಕಕ್ಕೆ ಪಂಢರಪುರಕ್ಕೆ ಬಾ, ತಪ್ಪು ಒಪ್ಪಿಸಿ ಮತ್ತೆ ಹಾಕಿಕೋ ಎಂದು ಹೇಳಿಯೇ ಹೋದರು.

ನಾನು ಯಾಕೆ ಬಾಯಿ ಬಿಡಲಿಲ್ಲ. ಏಳು ಜನ ಪರಗಂಡಸರ ನಡುವೆ ನಿಂತು ನಾನು ಕುಡಿದೆ ಎನ್ನಲು ಧೈರ್ಯ ಇರಲಿಲ್ಲ, ಅಷ್ಟೇ. ಆಮೇಲೆ ಅವರೆಲ್ಲ ಹೋದರು, ಆಗಲೂ ಹೇಳಲಿಲ್ಲ. ತಮ್ಮನ ಹೆಂಡತಿ ಜಗಳವನ್ನೂ ಮಾಡಲಿಲ್ಲ, ಅಳಲೂ ಇಲ್ಲ, ಮಗಳ ಪುಸ್ತಕಗಳನ್ನು ಜೋಡಿಸತೊಡಗಿದಳು. ಮರುದಿನ ಬೆಳಿಗ್ಗೆ ಅವರ ಚೀಲ ಹೊತ್ತು ಬಸ್ಸಿನ ತನಕ ಹೋದವಳು ನಾನೇ. ಅರ್ಧ ತಾಸು ಬಸ್ಸಿಗೆ ಕಾದೆವು. ಅರ್ಧ ತಾಸಿನಲ್ಲಿ ಎಷ್ಟೋ ಮಾತು ಆಡಬಹುದಿತ್ತು. ಮಗಳಿಗೆ ಬಿಸ್ಕತ್ತು ಕೊಡಿಸಿದೆ, ಕಿಟಕಿ ಪಕ್ಕ ಕೂರು ಎಂದೆ.

ತಮ್ಮ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ನಾನು ರೆಸಾರ್ಟಿಗೆ ಫೋನ್ ಮಾಡಿ ಜ್ವರ ಎಂದು ಸುಳ್ಳು ಹೇಳಿ ಮನೆಯಲ್ಲೇ ಉಳಿದೆ. ಅವನು ಉಂಡ, ಕೆಲಸಕ್ಕೆ ಹೋದ, ಬಂದ. ಕೈ ಆಗಾಗ ಕೊರಳಿಗೆ ಹೋಗಿ ಏನೂ ಸಿಗದೆ ಕೆಳಗಿಳಿಯುತ್ತಿತ್ತು. ಮೂರನೆಯ ದಿನ ಸಂಜೆ ಒಲೆಯ ಮುಂದೆ ಕುಳಿತಿದ್ದಾಗ, ಬೆಂಕಿಯನ್ನೇ ನೋಡುತ್ತ ಕೇಳಿದ.

"ಹೆಂಗಿತ್ತ ಅಕ್ಕಾ ಅದು?"

ಕಹಿ ಎಂದು ಹೇಳಿ ಮುಗಿಸಬಹುದಿತ್ತು. ಥೂ, ಗಂಜಲದ ಹಾಗಿತ್ತು ಎನ್ನಬಹುದಿತ್ತು. ಆದರೆ ನನಗಾಗಿ ಎಲ್ಲ ಕಳೆದುಕೊಂಡವನಿಗೆ ಇದೊಂದಾದರೂ ನಿಜ ಹೇಳೋಣ ಎನ್ನಿಸಿತು. ಹಾಗಂತ ಆಗ ಅಂದುಕೊಂಡೆ. ಈಗ ಅನ್ನಿಸುತ್ತದೆ, ಅದನ್ನು ಯಾರಿಗಾದರೂ ಹೇಳಬೇಕೆಂದು ನನ್ನ ನಾಲಿಗೆಯೇ ತುರಿಸುತ್ತಿತ್ತು. ಕಪ್ಪಿನಿಂದ ಶುರು ಮಾಡಿ ಹೇಳಿದೆ. ಕಾಫಿ, ಒಣದ್ರಾಕ್ಷಿ, ಮರದ ಪೆಟ್ಟಿಗೆ. ಸಿಹಿ ಹೇಗೆ ಮೊದಲು ಬಂದು ನಂಬಿಸುತ್ತದೆ, ಕಹಿ ಯಾವ ಕಡೆಯಿಂದ ಬರುತ್ತದೆ. ಗಂಟಲಲ್ಲಿ ಉರಿಯುತ್ತದೇನು ಎಂದು ಕೇಳಿದ. ಇಲ್ಲ, ಉರಿ ಆಮೇಲೆ ಎದೆಗೆ ಬರುತ್ತದೆ, ತಡವಾಗಿ ಬರುತ್ತದೆ ಎಂದೆ. ಎಷ್ಟು ಹೊತ್ತು ಇರುತ್ತದೆ ಎಂದು ಕೇಳಿದ. ಅದನ್ನೂ ಹೇಳಿದೆ. ಅವನು ಕಣ್ಣು ಮುಚ್ಚಿದ್ದ. ಗಂಟಲು ಮೇಲೆ ಕೆಳಗೆ ಆಡುತ್ತಿತ್ತು, ನುಂಗುತ್ತಿದ್ದ. ನಾನು ಅದನ್ನು ನೋಡಿದೆ. ನೋಡಿಯೂ ನಿಲ್ಲಿಸಲಿಲ್ಲ.

ಆ ರವಿವಾರ ಅವನು ದಾಂಡೇಲಿಗೆ ಹೋದವನು ಸಂಜೆ ಗೋಡೆ ಹಿಡಿದುಕೊಂಡು ಬಂದ. ಬಾಯಲ್ಲಿ ಕಾಫಿಯೂ ಇಲ್ಲ, ದ್ರಾಕ್ಷಿಯೂ ಇಲ್ಲ, ಅದೇ ಹಳೇ ಪ್ಯಾಕೆಟ್ಟಿನ ವಾಸನೆ. ಅದರ ಮರುದಿನವೂ ಹಾಗೇ ಬಂದ.

ಆಗ ನಾನು ಮುಂಡಗೋಡಿಗೆ ಹೋದೆ. ತಮ್ಮನ ಹೆಂಡತಿ ತವರಿನ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಎದುರಿಗೆ ಕಲ್ಲಿನ ಮೇಲೆ ಕುಳಿತು ಎಲ್ಲ ಹೇಳಿದೆ. ಪುಣೆಯವರು, ಬಾಟಲಿ, ಮುಚ್ಚಿದ ಬಾಗಿಲು, ಕಿತ್ತ ಲೇಬಲ್, ಒಂದನ್ನೂ ಬಿಡಲಿಲ್ಲ. ಅವನು ಮುಟ್ಟಿರಲಿಲ್ಲ, ನನ್ನ ಮಾನ ಕಾಯಲು ತನ್ನ ಮೇಲೆ ಹಾಕಿಕೊಂಡ, ಈಗ ಕುಡಿಯುತ್ತಿರುವುದೂ ನೀವಿಬ್ಬರೂ ಇಲ್ಲದ್ದಕ್ಕೆ ಎಂದೆ. ಅವಳು ತಿಕ್ಕುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ, ಕನಿಕರ ಇತ್ತು.

"ತಮ್ಮನ ಸಲುವಾಗಿ ಇಷ್ಟು ದೊಡ್ಡ ಸುಳ್ಳು ಹೇಳಬ್ಯಾಡ್ರಿ ಅಕ್ಕಾರ" ಎಂದಳು. "ನಿಮ್ಮಂಥಾಕಿ ಕುಡಿದಾಳಂತ ಯಾರು ನಂಬ್ತಾರ?"

ನಾನು ಆಣೆ ಇಟ್ಟೆ. ಅವಳು ತಲೆ ಅಲ್ಲಾಡಿಸಿದಳು. ಬೇರೆ ದಾರಿ ಕಾಣದೆ ನಾನು ರುಚಿ ಹೇಳಲು ಶುರು ಮಾಡಿದೆ. ಕುಡಿಯದವಳಿಗೆ ಇಷ್ಟು ಗೊತ್ತಿರಲು ಹೇಗೆ ಸಾಧ್ಯ ಎಂದು ಅವಳಿಗೆ ಹೊಳೆಯಲಿ ಎಂದು, ಒಲೆಯ ಮುಂದೆ ತಮ್ಮನಿಗೆ ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದೆ. ನಾಲಿಗೆಯ ಮೇಲೆ ಹೇಗೆ ಕೂರುತ್ತದೆ, ಬಿಸಿ ಎಲ್ಲಿಂದ ಏಳುತ್ತದೆ, ಎರಡನೆಯ ಲೋಟದಲ್ಲಿ ಏನು ಬದಲಾಗುತ್ತದೆ. ಅವಳು ಪೂರ್ತಿ ಕೇಳಿದಳು. ಕೇಳುತ್ತ ಕೇಳುತ್ತ ಅವಳ ಕಣ್ಣಲ್ಲಿ ನೀರು ಬಂತು.

"ನಿಮ್ಮ ತಮ್ಮ ಎಷ್ಟು ಪ್ರೀತಿಯಿಂದ ಕುಡಿದಾರ ನೋಡ್ರಿ" ಎಂದಳು. "ನಿಮಗ ಬಾಯಿಪಾಠ ಆಗೂವಷ್ಟು ಹೇಳ್ಯಾರ."

ಆಮೇಲೆ ಕೈ ತೊಳೆದುಕೊಂಡು, ಕೊನೆಯ ಬಸ್ ಐದೂವರೆಗೆ ಇದೆ, ಚಹಾ ಕುಡಿದು ಹೋಗಿರಿ ಎಂದು ಒಳಗೆ ಹೋದಳು.